ಓಟಗಾರನ ಹಿಮ್ಮಡಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣಾ ನದಿಯ ದಡದಲ್ಲಿರುವ ಗ್ರಾಮ. ಇಲ್ಲಿಯ ವೀರಭದ್ರ ದೇವಾಲಯಕ್ಕೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡರಿಂದಲೂ ಭಕ್ತರು ಬರುತ್ತಾರೆ. ಬರಿಗಾಲಿನಲ್ಲಿ ನಡೆದು ಬರುವವರೂ ಅವರಲ್ಲಿ ಉಂಟು. ಈ ಸೀಮೆಯಲ್ಲಿ ನಡಿಗೆಯು ಭಕ್ತಿಯ ಒಂದು ರೂಪವಾಗಿದ್ದರೆ, ಓಟವು ಅನೇಕ ತರುಣರಿಗೆ ಜೀವನೋಪಾಯದ ಬಾಗಿಲಾಗಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಸೇನೆಗೆ ಸೇರಬಯಸುವ ಹಳ್ಳಿಯ ಹುಡುಗರು ಭರ್ತಿಯ 1600 ಮೀಟರ್ ಓಟಕ್ಕಾಗಿ ಸೂರ್ಯೋದಯಕ್ಕೆ ಮುನ್ನವೇ ಎದ್ದು ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಇಂಥವರ ಭವಿಷ್ಯವು ಅವರ ಎರಡು ಹಿಮ್ಮಡಿಗಳ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಬೆಳಗಾವಿಯ ನಾಡಿಗೆ ಓಟದ ಪರಂಪರೆ ಹೊಸದಲ್ಲ. ಈ ಜಿಲ್ಲೆಯ ಫಡೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು. ಆ ವರ್ಷ ಓಟದ ದೂರ 42.75 ಕಿಲೋಮೀಟರ್ ಆಗಿತ್ತು. ಅವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಅದಕ್ಕೂ ಮುಂಚೆ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನ ರೈತಮಕ್ಕಳ ಓಟವನ್ನು ಕಂಡು ದೊರಾಬ್ಜಿ ಟಾಟಾ ಅವರು ಬೆರಗಾಗಿದ್ದರು. ಇಂಥ ಸಾಹಸಗಳನ್ನು ಕೇಳಿ ಬೆಳೆದವರಿಗೆ ಕಾಲುನೋವನ್ನು ಹೇಳಿಕೊಳ್ಳುವುದು ನಾಚಿಕೆಯೆನಿಸುವುದು ಸಹಜ. ಆದರೆ ಕೆಲವು ನೋವುಗಳನ್ನು ಹಲ್ಲುಕಚ್ಚಿ ಸಹಿಸುವುದು ಶೌರ್ಯವಲ್ಲ. ಹಿಮ್ಮಡಿಯ ನೋವು ಅಂಥದೊಂದು.

ಈ ನೋವಿನ ಲಕ್ಷಣವನ್ನು ಗುರುತಿಸುವುದು ಸುಲಭ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆಯಿಟ್ಟೊಡನೆ ಹಿಮ್ಮಡಿಯ ತಳದಲ್ಲಿ ಮುಳ್ಳು ಚುಚ್ಚಿದಂತಾಗುವುದು. ನಾಲ್ಕು ಹೆಜ್ಜೆ ನಡೆದ ಮೇಲೆ ಅದು ತಗ್ಗುವುದು. ಬಹಳ ಹೊತ್ತು ಕುಳಿತು ಎದ್ದಾಗ, ಇಲ್ಲವೆ ದೂರ ಓಡಿ ಬಂದ ಮೇಲೆ ಮತ್ತೆ ಕಾಣಿಸಿಕೊಳ್ಳುವುದು. ವೈದ್ಯರು ಇದನ್ನು ಪ್ಲಾಂಟರ್ ಫ್ಯಾಸೈಟಿಸ್ ಎಂದು ಕರೆಯುತ್ತಾರೆ. ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಈ ಬಾಧೆ ಬರುವುದೆಂಬ ಅಂದಾಜಿದೆ.

ಇದನ್ನು ಅರಿಯಬೇಕಾದರೆ ಪಾದದ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಅಂಗಾಲು ಚಪ್ಪಟೆಯಾದ ಹಲಗೆಯಲ್ಲ, ಅದೊಂದು ಕಮಾನು. ಬಿಲ್ಲಿಗೆ ಹೆದೆಯಿರುವಂತೆ ಈ ಕಮಾನಿಗೂ ಒಂದು ಹೆದೆಯುಂಟು. ಹಿಮ್ಮಡಿಯ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿರುವ ಗಟ್ಟಿಯಾದ ತಂತುಪಟ್ಟಿಯೇ ಅದು. ಬೆರಳುಗಳು ಮೇಲಕ್ಕೆ ಬಾಗಿದಾಗ ರಾಟೆಗೆ ಹಗ್ಗ ಸುತ್ತಿಕೊಂಡಂತೆ ಈ ಪಟ್ಟಿಯು ಬಿಗಿದು ಕಮಾನನ್ನು ಎತ್ತುತ್ತದೆ. ಇಂಗ್ಲೆಂಡಿನ ವೈದ್ಯ ಹಿಕ್ಸ್ ಅವರು 1954ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರು ಪಟ್ಟು ಭಾರವು ಪಾದದ ಮೇಲೆ ಬೀಳುತ್ತದೆ. ಹಲವು ದಿನ ನಡೆದಾಡಿಕೊಂಡಿದ್ದವನು ಒಮ್ಮೆಗೇ ದಿನಕ್ಕೆ ಐದಾರು ಕಿಲೋಮೀಟರ್ ಓಡತೊಡಗಿದರೆ ಸಾವಿರಾರು ಪೆಟ್ಟುಗಳು ಸಿದ್ಧತೆಯಿಲ್ಲದ ಪಟ್ಟಿಯ ಮೇಲೆ ಬಿದ್ದಂತಾಗುವುದು. ಮೀನಖಂಡದ ಬಿಗಿತ, ಹೆಚ್ಚಿದ ದೇಹಭಾರ, ಸವೆದ ಪಾದರಕ್ಷೆ, ಕಲ್ಲು ಕಾಂಕ್ರೀಟುಗಳ ಮೇಲೆ ಬಹುಹೊತ್ತಿನ ನಿಲುವು ಇವೂ ಕಾರಣಗಳಾಗಬಹುದು. ಬಹುಕಾಲದ ನೋವಿನಲ್ಲಿ ಪಟ್ಟಿಯು ಉರಿಯೂತಕ್ಕಿಂತ ಹೆಚ್ಚಾಗಿ ಸವಕಳಿಗೆ ಈಡಾಗಿರುತ್ತದೆಂದು ಈಗ ತಿಳಿದುಬಂದಿದೆ. ಆದುದರಿಂದ ನೋವು ಮರೆಸುವ ಗುಳಿಗೆಯೊಂದರಿಂದಲೇ ಇದು ವಾಸಿಯಾಗದು. ಪಟ್ಟಿಯು ಮತ್ತೆ ಬಲಗೊಳ್ಳಬೇಕು.

ಇಲ್ಲಿ ಎರಡು ತಪ್ಪು ದಾರಿಗಳಿವೆ. ಭರ್ತಿಯ ವಯೋಮಿತಿ ಮೀರೀತೆಂಬ ಭಯದಿಂದ ನೋವನ್ನು ಮುಚ್ಚಿಟ್ಟು ಓಡುವುದು ಒಂದು. ಕಾಲನ್ನು ನೆಲಕ್ಕೆ ಊರದೆ ತಿಂಗಳುಗಟ್ಟಲೆ ಮಲಗುವುದು ಇನ್ನೊಂದು. ಮೊದಲನೆಯದು ಗಾಯವನ್ನು ಕೆದಕುತ್ತದೆ. ಎರಡನೆಯದು ಪಾದವನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಭಾರವನ್ನು ಕೆಲಕಾಲ ತಗ್ಗಿಸಿ, ಬಳಿಕ ಅಳತೆಯಿಂದ ಏರಿಸುವುದೇ ಸರಿಯಾದ ಮಾರ್ಗ. ತಗ್ಗಿಸಲು ಪಾದರಕ್ಷೆಯೂ ಏರಿಸಲು ವ್ಯಾಯಾಮವೂ ನೆರವಾಗುತ್ತವೆ.

ಮೊದಲು ಪಾದರಕ್ಷೆಯ ವಿಚಾರ. ಓಟದ ಬೂಟನ್ನು ಬೆಲೆಯಿಂದಲ್ಲ, ಮೂರು ಪರೀಕ್ಷೆಗಳಿಂದ ಆರಿಸಬೇಕು. ಹಿಮ್ಮಡಿಯನ್ನು ಹಿಡಿಯುವ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಕುಸಿಯಕೂಡದು. ಬೂಟನ್ನು ಬಾಗಿಸಿದಾಗ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವೆ ಮಡಚಿಕೊಳ್ಳಬಾರದು. ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿದಾಗ ಸುಲಭವಾಗಿ ತಿರುಚಿಕೊಳ್ಳಬಾರದು. ಹಿಮ್ಮಡಿಯ ಕಡೆ ತುಸು ಎತ್ತರವೂ ಕಮಾನಿಗೆ ಆಸರೆಯೂ ಇದ್ದರೆ ಒಳ್ಳೆಯದು. ಸಂಜೆಯ ವೇಳೆಗೆ ಪಾದವು ಸ್ವಲ್ಪ ಉಬ್ಬುವುದರಿಂದ ಬೂಟನ್ನು ಆಗ ತೊಟ್ಟು ನೋಡುವುದು ಲೇಸು. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಬೂಟಿನ ಮೆತ್ತೆ ಸೋಲುತ್ತದೆ. ವಾರಕ್ಕೆ 30 ಕಿಲೋಮೀಟರ್ ಓಡುವವನು 20 ವಾರಗಳಲ್ಲಿ 600 ಕಿಲೋಮೀಟರ್ ಮುಗಿಸುತ್ತಾನೆ. ಮೇಲ್ಭಾಗ ಹೊಸದರಂತೆ ಕಂಡರೂ ಆಗ ಅದರ ತಳವನ್ನು ಪರೀಕ್ಷಿಸಬೇಕು. ಹೇಳಿ ಮಾಡಿಸಿದ ದುಬಾರಿ ಒಳಅಟ್ಟೆಯೇ ಬೇಕೆಂದಿಲ್ಲ. ಅಂಗಡಿಯಲ್ಲಿ ದೊರೆಯುವ ಸಿದ್ಧ ಒಳಅಟ್ಟೆಗಿಂತ ಅದು ಹೆಚ್ಚು ಗುಣಕಾರಿಯೆಂದು ಸಂಶೋಧನೆಗಳಿಂದ ಸ್ಪಷ್ಟಪಟ್ಟಿಲ್ಲ. ಬಡವನಿಗೂ ಈ ಚಿಕಿತ್ಸೆ ನಿಲುಕದ್ದಲ್ಲ.

ನಮ್ಮ ಸೀಮೆಯ ಚಪ್ಪಲಿಯ ಮಾತನ್ನೂ ಇಲ್ಲಿ ಆಡಬೇಕು. ಕೊಲ್ಹಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಪ್ಪಲಿಗಳನ್ನು ಅಥಣಿಯ ಕುಶಲಕರ್ಮಿಗಳೂ ತಲೆತಲಾಂತರದಿಂದ ತಯಾರಿಸುತ್ತ ಬಂದಿದ್ದಾರೆ. 2019ರಲ್ಲಿ ಇವುಗಳಿಗೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಗಿಡದ ತೊಗಟೆ, ಕಾಯಿಗಳಿಂದ ಹದಮಾಡಿದ ತೊಗಲನ್ನು ತೊಗಲಿನ ದಾರದಿಂದಲೇ ಹೊಲಿಯುವ ಈ ಕೌಶಲ ನಮ್ಮ ಹೆಮ್ಮೆ. ಆದರೆ ಈ ಚಪ್ಪಲಿಯ ಅಟ್ಟೆ ಗಟ್ಟಿ ಮತ್ತು ಸಮತಟ್ಟು. ಹಿಮ್ಮಡಿಯನ್ನು ಹಿಡಿಯುವ ಗೋಡೆಯೂ ಕಮಾನಿಗೆ ಆಸರೆಯೂ ಅದರಲ್ಲಿಲ್ಲ. ಆರೋಗ್ಯವಂತ ಪಾದಕ್ಕೆ ಒಪ್ಪುವ ಅದು ನೊಂದ ಪಾದಕ್ಕೆ ಕೆಲವು ತಿಂಗಳು ಹಿತವಲ್ಲ. ತೆಳು ಅಟ್ಟೆಯ ರಬ್ಬರ್ ಚಪ್ಪಲಿಗೂ ಇದೇ ಮಾತು ಸಲ್ಲುತ್ತದೆ. ಮನೆಯೊಳಗಿನ ಕಲ್ಲುಹಾಸಿನ ಮೇಲೂ ಹಿಮ್ಮಡಿಯ ಕಡೆ ತುಸು ಎತ್ತರವಾದ ಮೆತ್ತನೆಯ ಪಾದರಕ್ಷೆಯನ್ನು ಧರಿಸಬೇಕು. ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮ್ ನಗರದ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದನೆಂದು ಕೆಲವರು ವಾದಿಸುವರು. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಗೆದ್ದನೆಂಬುದನ್ನೂ ಅವರು ನೆನೆಯಬೇಕು. ಬರಿಗಾಲಿಗೆ ವರ್ಷಗಟ್ಟಲೆ ಪಳಗಿದ ಪಾದ ಬೇರೆ, ಗಾಯಗೊಂಡ ಪಾದ ಬೇರೆ.

ಇನ್ನು ವ್ಯಾಯಾಮಗಳು. ಮೊದಲನೆಯದನ್ನು ಹಾಸಿಗೆ ಬಿಡುವ ಮುನ್ನವೇ ಮಾಡಬೇಕು. ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಳಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಅಂಗಾಲಿನ ಪಟ್ಟಿಯು ತಂತಿಯಂತೆ ಬಿಗಿದುದು ಇನ್ನೊಂದು ಕೈಗೆ ತಿಳಿಯುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಎರಡನೆಯದರಲ್ಲಿ ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ಎತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನು ಅರ್ಧ ನಿಮಿಷ ಚಾಚಬೇಕು. ಮೂರನೆಯದು ಬಲವರ್ಧನೆಯದು. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲನ್ನಿಟ್ಟು, ಮೂರು ಸೆಕೆಂಡುಗಳಲ್ಲಿ ಹಿಮ್ಮಡಿಯನ್ನು ಎತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡುಗಳಲ್ಲಿ ಇಳಿಸಬೇಕು. ಮೊದಲು ಎರಡೂ ಕಾಲುಗಳಿಂದ, ಬಲ ಬಂದ ಮೇಲೆ ಒಂದೇ ಕಾಲಿನಿಂದ, ದಿನ ಬಿಟ್ಟು ದಿನ ಇದನ್ನು ಮಾಡಬೇಕು. ಡೆನ್ಮಾರ್ಕಿನಲ್ಲಿ 48 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳಮೆತ್ತೆಯೊಡನೆ ಈ ವ್ಯಾಯಾಮ ಮಾಡಿದವರು ಒಳಮೆತ್ತೆಯೊಡನೆ ಪಟ್ಟಿಯನ್ನು ಚಾಚಿದವರಿಗಿಂತ ಮೂರು ತಿಂಗಳ ಹೊತ್ತಿಗೆ ಹೆಚ್ಚು ಸುಧಾರಿಸಿದ್ದರು. ವರ್ಷಾಂತ್ಯಕ್ಕೆ ಎರಡೂ ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಅರ್ಥಾತ್, ಉಪಾಯಕ್ಕಿಂತ ನಿಷ್ಠೆ ದೊಡ್ಡದು.

ಅರ್ಧ ಗಂಟೆ ನೋವಿಲ್ಲದೆ ನಡೆಯಬಲ್ಲವನು ಓಟಕ್ಕೆ ಮರಳಬಹುದು. ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವ ಕ್ರಮದಿಂದ, ದಿನ ಬಿಟ್ಟು ದಿನ, ಸಾಧ್ಯವಾದಷ್ಟು ಮಣ್ಣಿನ ಹಾದಿಯಲ್ಲಿ ಆರಂಭಿಸಬೇಕು. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಹೆಚ್ಚಿಸಬಾರದು. ಇಂದಿನ ಓಟವು ಹಿತವಾಯಿತೋ ಇಲ್ಲವೋ ಎಂಬುದಕ್ಕೆ ಮರುದಿನ ಬೆಳಗಿನ ಮೊದಲ ಹೆಜ್ಜೆಯೇ ಸಾಕ್ಷಿ. ಆ ಹೆಜ್ಜೆ ಹಿಂದಿನ ದಿನಕ್ಕಿಂತ ಹೆಚ್ಚು ನೊಂದರೆ ಓಟವನ್ನು ತಗ್ಗಿಸಬೇಕು.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ನೆನಪಿಡಬೇಕು. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಹಿಂಭಾಗ ನೋಯುವುದು ಬಹುಮಟ್ಟಿಗೆ ಇನ್ನೂ ಬಲಿಯದ ಮೂಳೆಯ ಮೇಲೆ ಬಿದ್ದ ಸೆಳೆತದಿಂದ. ರಾತ್ರಿಯೂ ಬಿಡದ ನೋವು, ಬಾವು, ಜ್ವರ, ಜೋಮು, ಬಿದ್ದ ಮೇಲೆ ಹುಟ್ಟಿದ ನೋವು, ಹಿಮ್ಮಡಿಯ ಎರಡು ಪಕ್ಕಗಳನ್ನು ಅದುಮಿದಾಗ ತೀವ್ರವಾಗುವ ನೋವು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಈ ಬಾಧೆಗೊಳಗಾದವರಲ್ಲಿ ಬಹುಪಾಲು ಜನರು ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಗುಣ ಹೊಂದುತ್ತಾರೆ. ಆದರೆ ಆ ಅವಧಿಯನ್ನು ಅವಸರದಿಂದ ಕುಗ್ಗಿಸಲಾಗದು. ಬಿತ್ತಿದ ಕಬ್ಬು ತನ್ನ ಕಾಲಕ್ಕೆ ಬಲಿಯುವುದೆಂಬುದನ್ನು ಕೃಷ್ಣಾತೀರದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನ ಮಗ ತನ್ನ ಪಾದದ ವಿಷಯದಲ್ಲಿಯೂ ಅದೇ ತಾಳ್ಮೆಯನ್ನು ತೋರಬೇಕು. ನೋವನ್ನು ಮೊದಲ ವಾರದಲ್ಲೇ ಹೇಳಿಕೊಂಡವನು ಒಂದು ಋತುವನ್ನು ಕಳೆದುಕೊಂಡಾನು. ಮುಚ್ಚಿಟ್ಟವನು ಓಟವನ್ನೇ ಕಳೆದುಕೊಳ್ಳಬಹುದು.

ಅಭ್ಯಾಸ

1. ಅಂಗಾಲಿನ ತಂತುಪಟ್ಟಿಯನ್ನು ಬಿಲ್ಲಿನ ಹೆದೆಗೆ ಹೋಲಿಸಿರುವುದೇಕೆ?
2. ಹಿಮ್ಮಡಿ ನೋವಿನ ಸಂದರ್ಭದಲ್ಲಿ ಲೇಖಕರು ಹೇಳುವ ಎರಡು ತಪ್ಪು ದಾರಿಗಳಾವುವು?
3. ಓಟದ ಬೂಟನ್ನು ಆರಿಸುವ ಮೂರು ಪರೀಕ್ಷೆಗಳನ್ನು ವಿವರಿಸಿರಿ.
4. 'ಉಪಾಯಕ್ಕಿಂತ ನಿಷ್ಠೆ ದೊಡ್ಡದು' ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.