ಮನೆಯಲ್ಲಿ ಕಿರಿಯ ಮಕ್ಕಳ ಸಂಗೀತಾಭ್ಯಾಸ

ಸಂಗೀತವು ಕೇಳಿ ಆನಂದಿಸತಕ್ಕ ವಿದ್ಯೆ ಮಾತ್ರವಲ್ಲ, ಮಾಡಿ ಕಲಿಯತಕ್ಕ ವಿದ್ಯೆಯೂ ಆಗಿದೆ. ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಾಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮಕ್ಕಳೂ ಮನೆಗಳಲ್ಲಿಯೇ ಉಳಿಯಬೇಕಾಯಿತು. ಲೆಕ್ಕವನ್ನೂ ಭಾಷೆಯನ್ನೂ ಮೊಬೈಲಿನಿಂದ ಹೇಗೋ ಕಲಿಸಬಹುದು; ಕೂಡಿ ಹಾಡುವದನ್ನು ಕಲಿಸುವದೆಂತು? ಶಾಲೆಗಳು ತೆರೆದ ಮೇಲೆಯೂ ದೀರ್ಘ ರಜೆಗಳಲ್ಲಿ ಮತ್ತು ಸಂಗೀತ ಶಿಕ್ಷಕರಿಲ್ಲದ ಊರುಗಳಲ್ಲಿ ಈ ಪ್ರಶ್ನೆಯು ಉಳಿದೇ ಇದೆ. ಆದುದರಿಂದ ತಾಯಂದಿರಿಗೂ ಶಿಕ್ಷಕಿಯರಿಗೂ ಉಪಯೋಗವಾಗುವಂತೆ ಒಂದು ಪಾಠಕ್ರಮವನ್ನು ಇಲ್ಲಿ ವಿವರಿಸುವೆವು.

ಮೊದಲು ಒಂದು ತೊಡಕನ್ನು ತಿಳಿಯಬೇಕು. ವಿಡಿಯೋ ಕರೆಯಲ್ಲಿ ಹತ್ತು ಮಕ್ಕಳು ಒಟ್ಟಿಗೆ ಹಾಡಿದರೆ ತಾಳವು ಚೆದರುವದು. ಇದು ಮಕ್ಕಳ ದೋಷವಲ್ಲ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುತ್ತದೆ. ಕರೆಯಲ್ಲಿ ಧ್ವನಿಯು ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾಗಿ ಮುಟ್ಟಿದರೂ, ಹಾಡುವವರು ೩೪ ಮೀಟರು ದೂರದಲ್ಲಿ ನಿಂತಂತಾಯಿತು. ಆದಕಾರಣ ಶಿಕ್ಷಕಿಯು ಒಂದು ಸಾಲನ್ನು ಹಾಡಬೇಕು. ಮಕ್ಕಳು ತಮ್ಮ ಕಡೆಯ ಧ್ವನಿಯನ್ನು ಮುಚ್ಚಿಕೊಂಡು ಅದನ್ನು ಹಾಡಬೇಕು. ಬಳಿಕ ಒಬ್ಬೊಬ್ಬರೇ ಹಾಡಿ ಕೇಳಿಸಬೇಕು.

ಒಂದನೆಯ ಪಾಠವು ತಾಳ. ಇದಕ್ಕೆ ಮೊಬೈಲು ಬೇಡ. ಅಡಿಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳವನ್ನು ಮಗುವು ಕೇಳಲಿ. ಇಳಕಲ್ಲಿನ ಮಗುವಾದರೆ ಮಗ್ಗದಲ್ಲಿ ಲಾಳಿ ಓಡುವ ಸಪ್ಪಳವನ್ನು ಕೇಳಲಿ. ಯಾವ ಪೆಟ್ಟು ಬಲವಾದದ್ದು, ಎಷ್ಟು ಪೆಟ್ಟುಗಳಾದ ಮೇಲೆ ಅದು ತಿರುಗಿ ಬರುವದು ಎಂಬದನ್ನು ಎಣಿಸಿ ಚಪ್ಪಾಳೆ ಇಕ್ಕಲಿ. ಅನಂತರ ನಾಲ್ಕು ನಾಲ್ಕಾಗಿ ಎಂಟು ಮಾತ್ರೆಗಳ ಕೆಹರವಾ ತಾಳವನ್ನೂ, ಮೂರು ಮೂರಾಗಿ ಆರು ಮಾತ್ರೆಗಳ ದಾದರಾ ತಾಳವನ್ನೂ ಕಲಿಸಬೇಕು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ತೋಳುಗಳ ನಟರಾಜನ ಬಳಿಯಲ್ಲಿ ವಾದ್ಯ ಬಾರಿಸುವವನನ್ನು ಶಿಲ್ಪಿಯು ಕೆತ್ತಿರುವನು. ಕಲ್ಲಿನ ನೃತ್ಯಕ್ಕೂ ತಾಳವು ಬೇಕಾಯಿತೆಂದು ಮಕ್ಕಳಿಗೆ ತೋರಿಸಬಹುದು.

ಎರಡನೆಯ ಪಾಠವು ಸ್ವರ. ಒಂದೇ ಬಗೆಯ ಐದು ಪಿಂಗಾಣಿ ಬಟ್ಟಲುಗಳಲ್ಲಿ ಬೇರೆ ಬೇರೆ ಅಳತೆಯ ನೀರು ಹಾಕಿ, ಅಂಚಿಗೆ ಕಡ್ಡಿಯಿಂದ ಮೆಲ್ಲಗೆ ತಟ್ಟಬೇಕು. ನೀರು ಹೆಚ್ಚಿದಂತೆ ಸ್ವರವು ತಗ್ಗುವದು. ಜಲತರಂಗ ವಾದ್ಯದ ಮರ್ಮವೂ ಇದೇ. ಚಮಚದಿಂದ ನೀರನ್ನು ಹೆಚ್ಚುಕಡಿಮೆ ಮಾಡುತ್ತ ಸಾ, ರೇ, ಗ, ಪ, ಧ ಎಂಬ ಐದು ಸ್ವರಗಳಿಗೆ ಹೊಂದಿಸುವದರಲ್ಲಿ ಮಗುವಿನ ಕಿವಿಯು ಚುರುಕಾಗುವದು.

ಮೂರನೆಯ ಪಾಠಕ್ಕೆ ಮಾತ್ರ ಮೊಬೈಲು ಬೇಕು. ಗೂಗಲ್ ಸಂಸ್ಥೆಯ ಕ್ರೋಮ್ ಮ್ಯೂಸಿಕ್ ಲ್ಯಾಬ್ ಎಂಬ ಜಾಲತಾಣದಲ್ಲಿ ಸಾಂಗ್ ಮೇಕರ್ ಎಂಬ ಸಾಧನವಿದೆ. ಇದಕ್ಕೆ ಹಣ ಬೇಡ, ಹೆಸರು ಬರೆಸುವದೂ ಬೇಡ. ಪರದೆಯು ಚೌಕಗಳ ಹಲಗೆಯಂತಿದೆ. ಎಡದಿಂದ ಬಲಕ್ಕೆ ಕಾಲವು ನಡೆಯುವದು. ಕೆಳಗಿನಿಂದ ಮೇಲಕ್ಕೆ ಸ್ವರವು ಏರುವದು. ತಳದ ಸಾಲುಗಳು ತಾಳಕ್ಕೆ ಮೀಸಲು. ಐದು ಸ್ವರಗಳ ಏರ್ಪಾಟನ್ನು ಆರಿಸಿಕೊಂಡರೆ, ಬಟ್ಟಲುಗಳಲ್ಲಿ ಹೊಂದಿಸಿದ ಸ್ವರಗಳೇ ಅಲ್ಲಿ ದೊರೆಯುವವು. ಭೂಪ ರಾಗದ ಸ್ವರಗಳೂ ಇವೇ. ಆದರೂ ರಾಗವು ಸ್ವರಗಳ ನಡೆಯಲ್ಲಿದೆ, ಬರಿಯ ಪಟ್ಟಿಯಲ್ಲಿಲ್ಲ ಎಂಬದನ್ನು ಮರೆಯಬಾರದು. ಮಗುವು ಬೆರಳಿನಿಂದ ಚೌಕಗಳನ್ನು ಮುಟ್ಟಿ ತನ್ನ ಸಾಲನ್ನು ರಚಿಸಿ, ಅದರ ಕೊಂಡಿಯನ್ನು ಶಿಕ್ಷಕಿಗೆ ಕಳುಹಿಸಬಹುದು.

ಈ ಕ್ರಮಕ್ಕೆ ಕಾರಣವುಂಟು. ಅನೇಕ ಮನೆಗಳಲ್ಲಿ ಇರುವದು ಒಂದೇ ಮೊಬೈಲು. ಅದು ತಂದೆಯ ಸಂಗಡ ಕೆಲಸಕ್ಕೆ ಹೋಗಿ ರಾತ್ರಿ ಬರುವದು. ಬಂದ ಮೇಲೆಯೂ ಅಣ್ಣನ ಸರದಿ ಮುಂದು, ತಂಗಿಯದು ಹಿಂದು. ಪಾಠವೆಲ್ಲ ಪರದೆಯಲ್ಲೇ ಇದ್ದರೆ ಆ ಬಾಲಿಕೆಗೆ ಸಂಗೀತವೇ ಇಲ್ಲವಾಗುವದು. ಕಿವಿ, ಕೈ, ಕಂಠಗಳ ಪಾಠವು ಹಗಲಿನಲ್ಲಿ ಮುಗಿದಿದ್ದರೆ ಅವಳಿಗೆ ರಾತ್ರಿಯ ಕಾಲುತಾಸು ಸಾಕು.

ಕಡೆಯ ಪರೀಕ್ಷೆಯು ಸುಲಭವಾದದ್ದು. ಪರದೆಯನ್ನು ಮುಚ್ಚಿ, ತಾನು ರಚಿಸಿದ ಸಾಲನ್ನು ಬಾಯಿಂದ ಹಾಡೆಂದು ಮಗುವಿಗೆ ಹೇಳಿರಿ. ಹಾಡಿದರೆ ಆ ಸಂಗೀತವು ಅವಳದಾಯಿತು. ಹಾಡಲಾರದಿದ್ದರೆ ಅದು ಇನ್ನೂ ಯಂತ್ರದ್ದೇ. ಆಗ ಗದರಿಸದೆ ಬಟ್ಟಲುಗಳ ಬಳಿಗೆ ತಿರುಗಿ ಕರಕೊಂಡು ಹೋಗಿರಿ.