ಈಸಿಯಲ್ಲಿ ಕಾಣದ ಬಾಡಿಗೆದಾರ

ನಾವೆಲ್ಲ ಈಸಿ ಎನ್ನುವ ಋಣಭಾರ ಪತ್ರದಲ್ಲಿ ಮನೆ ಮಾರಿದವರು, ಕೊಂಡವರು, ಅಡವಿಟ್ಟವರು ಎಲ್ಲರೂ ಇರುತ್ತಾರೆ. ಬಾಡಿಗೆಗಿದ್ದವರು ಇರುವುದಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟನ್ನು ರಿಜಿಸ್ಟರ್ ಮಾಡಿಸುವವರು ಅಪರೂಪ. ಹೀಗಾಗಿ ಆ ಮನೆಯೊಳಗೆ ಹತ್ತು ವರ್ಷ ಏನು ನಡೆಯಿತೆಂದು ಯಾವ ಕಾಗದವೂ ತಿಳಿಸುವುದಿಲ್ಲ.

ಬ್ಯಾಟರಾಯನಪುರದಲ್ಲಿ ಮನೆ ಕೊಳ್ಳಲು ಹೊರಟಾಗ ನಮ್ಮ ಗಮನವೆಲ್ಲ ಕಾಗದದ ಮೇಲೇ ಇತ್ತು. ಈ ಭಾಗ ಮೊದಲು ನಗರಸಭೆ, 2007ರಲ್ಲಿ ಬಿಬಿಎಂಪಿಗೆ ಸೇರಿದ್ದು. ಒಂದೊಂದು ಕಾಲದ ಖಾತೆ ಒಂದೊಂದು ಥರ. ಎಲ್ಲವನ್ನೂ ಜೋಡಿಸಿ ನೋಡಿದ ಬ್ಯಾಂಕಿನ ವಕೀಲರು ಒಪ್ಪಿಗೆ ಕೊಟ್ಟರು. ಮೌಲ್ಯಮಾಪಕರು ಕಟ್ಟಡ ಅಳೆದು ಹೋದರು. ಮೊದಲ ಮಹಡಿಯ ಒಳಕೋಣೆಯನ್ನು ಬೆಳಕು ಹಾಕಿ ನೋಡಿದ್ದು ನಮ್ಮ ಎಲೆಕ್ಟ್ರಿಷಿಯನ್.

ಕಿಟಕಿಯ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ ಕಿತ್ತ ಗುರುತು. ತಾರಸಿಯ ಒಳಮೈಯಲ್ಲಿ ಸಾಲಾಗಿ ಕೊಕ್ಕೆಗಳು. ಹಿಂಗೋಡೆಯಲ್ಲಿ ಪೈಪು ತೂರುವಷ್ಟು ತೂತು, ಮೂಲೆಗಳಲ್ಲೆಲ್ಲ ಕಪ್ಪು ಬೂಷ್ಟು. ಕೆಳಗೆ ಮೀಟರ್ ಬೋರ್ಡಿನ ಹಿಂದೆ ದಪ್ಪ ವೈರಿನ ತುಂಡೊಂದು ಜೋತಾಡುತ್ತಿತ್ತು. “ಮೇಡಂ, ಇಲ್ಲಿ ಲೈನು ಮೀಟರ್‌ಗೆ ಹೋಗೋಕೆ ಮುಂಚೇನೇ ಮೇಲಕ್ಕೆ ಎಳ್ದಿದಾರೆ” ಎಂದರು ಅವರು. ಬೆಳಕು ಹೊರಬೀಳದಂತೆ ಕಿಟಕಿ ಮುಚ್ಚಿ, ದೀಪ ತೂಗುಹಾಕಿ, ವಾಸನೆಯನ್ನು ಪೈಪಿನಲ್ಲಿ ಸಾಗಹಾಕಿ, ಕದ್ದ ಕರೆಂಟಿನಲ್ಲಿ ಗಾಂಜಾ ಗಿಡ ಬೆಳೆಸಿದ್ದಾರೆ ಎಂದು ನಾವು ಊಹಿಸಿದೆವು. ಇಂಥದ್ದು ನಮ್ಮ ಸುತ್ತ ಹೊಸತಲ್ಲ. 2021ರಲ್ಲಿ ಬಿಡದಿ ಬಳಿಯ ವಿಲ್ಲಾವೊಂದರಲ್ಲಿ ಕೃತಕ ಬೆಳಕಿನಡಿ ಗಾಂಜಾ ಬೆಳೆಯುತ್ತಿದ್ದುದನ್ನು ಸಿಸಿಬಿ ಪತ್ತೆಹಚ್ಚಿತ್ತು. 2024ರ ನವೆಂಬರಿನಲ್ಲಿ ಎಂ.ಎಸ್.ಆರ್. ನಗರದ ಬಾಲ್ಕನಿಯೊಂದರಲ್ಲಿ ಹೂಕುಂಡಗಳ ನಡುವೆಯೇ ಗಾಂಜಾ ಸಿಕ್ಕಿತ್ತು.

ಮನೆಯ ಯಜಮಾನರು ತುಮಕೂರಿನಲ್ಲಿ ಮಗಳ ಜೊತೆಗಿರುವ ನಿವೃತ್ತ ಮೇಷ್ಟ್ರು. “ಬಾಡಿಗೆ ತಪ್ಪದೆ ಬರ್ತಿತ್ತಮ್ಮಾ, ಹಾಗಾಗಿ ಬಂದು ನೋಡೋ ಗೋಜಿಗೆ ಹೋಗ್ಲಿಲ್ಲ” ಎಂದರು. ನಾನು ಆ ಮಾತನ್ನು ನಂಬಿದೆ. ಆದರೆ ನಂಬಿಕೆಯ ಮೇಲೆ ಕೋಟಿ ರೂಪಾಯಿ ಹಾಕಲಾಗದು.

ಕಾನೂನು ಇಲ್ಲಿ ನಾವು ಹೆದರುವಷ್ಟು ಕಠಿಣವಾಗಿಲ್ಲ. 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ 25ನೇ ಸೆಕ್ಷನ್ ಮಾಲೀಕರನ್ನು ಹಿಡಿಯುವುದು ಅವರು ಗೊತ್ತಿದ್ದೂ ಜಾಗ ಕೊಟ್ಟಿದ್ದರೆ ಮಾತ್ರ. ಬಾಡಿಗೆದಾರರ ಅಪರಾಧಕ್ಕೆ ಮನೆ ತಾನಾಗಿ ಜಪ್ತಿಯಾಗುವುದಿಲ್ಲ. ಮಾಲೀಕರೇ ಆ ದಂಧೆಯಲ್ಲಿದ್ದರೆ ವಿಷಯ ಬೇರೆ: ಆಸ್ತಿಯನ್ನು ತಡೆಹಿಡಿದ ಆದೇಶವಾದ ಮೇಲೆ ನಡೆದ ಮಾರಾಟಕ್ಕೆ 68ಎಂ ಸೆಕ್ಷನ್ ಮಾನ್ಯತೆಯನ್ನೇ ಕೊಡುವುದಿಲ್ಲ. ಹಾಗಾಗಿ ಮೇಷ್ಟ್ರ ಹೆಸರನ್ನು ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿಸಿದೆವು, ಠಾಣೆಯಲ್ಲೂ ವಿಚಾರಿಸಿದೆವು. (ಬ್ಯಾಟರಾಯನಪುರ ಠಾಣೆ ಇರುವುದು ಮೈಸೂರು ರಸ್ತೆಯಲ್ಲಿ, ಅದು ಇನ್ನೊಂದು ಬ್ಯಾಟರಾಯನಪುರ. ನಮ್ಮ ಬಳ್ಳಾರಿ ರಸ್ತೆಯ ಕಡೆಯವರು ಕೊಡಿಗೇಹಳ್ಳಿಗೋ ಅಮೃತಹಳ್ಳಿಗೋ ಹೋಗಬೇಕು.) ಯಾವ ಪ್ರಕರಣವೂ ಇರಲಿಲ್ಲ. ಮೇಲಿನ ಮನೆಯ ಬಾಡಿಗೆಯನ್ನು ನಂಬಿ ಸಾಲ ಮಾಡುವವರು ಇನ್ನೊಂದನ್ನೂ ಕೇಳಿ ತಿಳಿಯಬೇಕು. ಮನೆ ವೇಶ್ಯಾವಾಟಿಕೆಗೆ ಬಳಕೆಯಾಗಿ 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ 18ನೇ ಸೆಕ್ಷನ್ ಅಡಿ ಆದೇಶವಾಗಿದ್ದರೆ, ಮ್ಯಾಜಿಸ್ಟ್ರೇಟರ ಒಪ್ಪಿಗೆಯಿಲ್ಲದೆ ಕನಿಷ್ಠ ಒಂದು ವರ್ಷ ಬಾಡಿಗೆಗೆ ಕೊಡುವಂತಿಲ್ಲ.

ದುಡ್ಡಿನ ನಿಜವಾದ ಅಪಾಯವಿದ್ದದ್ದು ಆ ವೈರಿನ ತುಂಡಿನಲ್ಲಿ. ವಿದ್ಯುತ್ ಸಂಪರ್ಕ ಮೇಷ್ಟ್ರ ಹೆಸರಿನಲ್ಲಿತ್ತು, ಬಾಡಿಗೆದಾರರ ಹೆಸರಿನಲ್ಲಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಕಳ್ಳತನ ಸಾಬೀತಾದರೆ ವಿಶೇಷ ನ್ಯಾಯಾಲಯ ಕನಿಷ್ಠ ಎರಡು ಪಟ್ಟು ದರದಲ್ಲಿ, ಹಿಂದಿನ 12 ತಿಂಗಳ ಲೆಕ್ಕಕ್ಕೆ ಹೊಣೆ ನಿಗದಿ ಮಾಡುತ್ತದೆ. ಕದ್ದ ಅವಧಿ ಅದಕ್ಕಿಂತ ಕಡಿಮೆ ಎಂದು ಖಚಿತವಾದರೆ ಅಷ್ಟಕ್ಕೆ ಮಾತ್ರ. ಅದಕ್ಕಿಂತ ಮುಖ್ಯವಾದದ್ದು 2023ರ ಮೇ 19ರಂದು ಕೆ.ಸಿ. ನೈನಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಹಳೆಯ ಮಾಲೀಕರ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕರಿಂದ ಕೇಳುವ ನಿಯಮಗಳು ಸಿಂಧು ಎಂದು ಅದು ಹೇಳಿತು. ಬಾಡಿಗೆದಾರ ಊರು ಬಿಟ್ಟರೂ ಅವನು ಕದ್ದ ಕರೆಂಟಿನ ಬಿಲ್ಲು ಹೀಗೆ ನಮ್ಮ ಬಾಗಿಲಿಗೆ ಬಂದು ನಿಲ್ಲಬಹುದು.

“ಮೇಷ್ಟ್ರೇ, ಇದನ್ನ ನೀವೇ ಬೆಸ್ಕಾಂಗೆ ಬರೆದು ತಿಳಿಸ್ಬೇಕು. ಅದು ಮುಗಿಯೋವರ್ಗೂ ನಾವು ಅಡ್ವಾನ್ಸ್ ಕೊಡೋದಿಲ್ಲ” ಎಂದೆ. ಅವರಿಗೆ ನೋವಾಯಿತು. ಆದರೂ ಬರೆದರು. ಪರಿಶೀಲನೆಯಾಗಿ, ₹90 ಸಾವಿರದ ಹತ್ತಿರದ ಬಿಲ್ಲು ಬಂತು. ಅವರೇ ಕಟ್ಟಿ ಬಾಕಿಯಿಲ್ಲ ಎಂಬ ಪತ್ರ ತಂದರು. ನಾವಾಗಿ ಒತ್ತಾಯಿಸದಿದ್ದರೆ ಆ ಹಣ ಕಟ್ಟುವ ಹೊಣೆ ನಮ್ಮದೇ ಆಗುತ್ತಿತ್ತು.

ಬೆಲೆಯ ಮಾತು ಬಂದಾಗ ನೆಂಟರೆಲ್ಲ ಒಂದೇ ಸಲಹೆ ಕೊಟ್ಟರು: ಕೆಟ್ಟ ಹೆಸರು ಬಂದ ಮನೆ, ಹದಿನೈದು ಲಕ್ಷ ಇಳಿಸಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ವೈರಿಂಗ್ ಹೊಸದಾಗಿ ಮಾಡಿಸಲು ₹1.6 ಲಕ್ಷ, ಬೂಷ್ಟು ಹಿಡಿದ ಪ್ಲಾಸ್ಟರ್ ಕೆರೆಸಿ ಬಣ್ಣ ಹೊಡೆಸಲು ₹2.4 ಲಕ್ಷ ಎಂದು ಮೇಸ್ತ್ರಿ ಬರೆದುಕೊಟ್ಟಿದ್ದರು. ಆ ನಾಲ್ಕು ಲಕ್ಷವನ್ನೇ ಕೇಳಿದೆವು. ಎಂಬತ್ತರ ಹತ್ತಿರದ ಒಬ್ಬರ ಅವಮಾನದಿಂದ ಲಾಭ ಮಾಡಿಕೊಳ್ಳುವುದು ವ್ಯಾಪಾರವಲ್ಲ. ಬೀದಿಯಲ್ಲೂ ಮಾತುಗಳು ಹರಡಿದ್ದವು: ಅಲ್ಲಿದ್ದವರು ಆ ದೇಶದವರು, ಈ ರಾಜ್ಯದವರು ಎಂದು. ಯಾರೊಬ್ಬರೂ ಅವರನ್ನು ಮಾತಾಡಿಸಿದವರಲ್ಲ. ಇಂಥ ಮಾತಿನಿಂದಲೇ ನಮ್ಮ ಬಡಾವಣೆಗಳಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ಸಿಗುವುದಿಲ್ಲ.

ಹೆದರಿಕೆಗೆ ದುಡ್ಡು ಸುರಿದವರ ಉದಾಹರಣೆ ನ್ಯೂಜಿಲೆಂಡಿನಲ್ಲಿದೆ. ಮೆಥ್ ಮಾದಕದ ಅಂಶ ಸಿಕ್ಕ ಸರ್ಕಾರಿ ಮನೆಗಳಿಂದ ಅಲ್ಲಿ ಬಡ ಬಾಡಿಗೆದಾರರನ್ನು ಹೊರಹಾಕಿ, ಮನೆಗಳನ್ನು ಖಾಲಿ ಇಟ್ಟರು. ಬರೀ ಸೇದಿದ್ದರಿಂದ ಗೋಡೆಯಲ್ಲಿ ಉಳಿದ ಅಂಶದಿಂದ ಆರೋಗ್ಯ ಕೆಟ್ಟಿದ್ದಕ್ಕೆ ಪುರಾವೆಯಿಲ್ಲ ಎಂದು 2018ರಲ್ಲಿ ಪ್ರಧಾನಿಯ ವಿಜ್ಞಾನ ಸಲಹೆಗಾರ ಪೀಟರ್ ಗ್ಲಕ್‌ಮನ್ ವರದಿ ಕೊಟ್ಟರು. ಆಮೇಲೆ ಅಲ್ಲಿನ ಸರ್ಕಾರಿ ವಸತಿ ಸಂಸ್ಥೆ ಕ್ಷಮೆ ಕೇಳಿ ಪರಿಹಾರ ಕೊಡಬೇಕಾಯಿತು. ಮಾದಕವನ್ನು ತಯಾರಿಸಿದ ಮನೆಯಾದರೆ ಎಚ್ಚರ ಬೇಕೇ ಬೇಕು. ಅಲ್ಲಿ ರಾಸಾಯನಿಕಗಳು ಉಳಿದಿರಬಹುದು. ನಮ್ಮದು ಬೂಷ್ಟಿನ ಸಮಸ್ಯೆ, ಗಾರೆಯವರ ಕೆಲಸಕ್ಕೆ ಮುಗಿಯಿತು.

ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ದೋಷ ಮಾರುವವರಿಗೆ ಗೊತ್ತಿದ್ದರೆ ಅವರು ತಾವಾಗಿಯೇ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಅದನ್ನೇ ನೆಚ್ಚಿಕೊಳ್ಳದೆ ಕ್ರಯಪತ್ರದಲ್ಲಿ ಒಂದು ಸಾಲು ಸೇರಿಸಿದೆವು: ಹಿಂದಿನ ಬಾಡಿಗೆದಾರರಿಂದ ಬರುವ ಯಾವುದೇ ದಂಡ, ಬಾಕಿ, ಮೊಕದ್ದಮೆಯ ಖರ್ಚು ಮಾರುವವರದು. ಮೇಷ್ಟ್ರು ಅದನ್ನು ಎರಡು ಸಲ ಓದಿ, ಮಗಳಿಗೂ ಓದಿಸಿ ಸಹಿ ಹಾಕಿದರು.

ಮೇಲಿನ ಮನೆಯನ್ನು ಈಗ ನಾವೂ ಬಾಡಿಗೆಗೆ ಕೊಟ್ಟಿದ್ದೇವೆ. ಮೊದಲೇ ಹೇಳಿ, ಮೂರು ತಿಂಗಳಿಗೊಮ್ಮೆ ಬಂದು ವೈರಿಂಗ್, ನಲ್ಲಿ ನೋಡುವ ಷರತ್ತು ಕರಾರಿನಲ್ಲಿದೆ. ಬೆಸ್ಕಾಂ ಬಿಲ್ ನನ್ನ ಮೊಬೈಲಿಗೆ ಬರುತ್ತದೆ. ಅದು ಏಕಾಏಕಿ ಏರಿದರೂ ಇಳಿದರೂ ಫೋನ್ ಮಾಡಿ ವಿಚಾರಿಸುತ್ತೇನೆ.