ಜೆಸಿಬಿ ಕರೆಸುವ ಮುನ್ನ: ಅಂಗಳದ ನೆಲದೊಳಗೆ ಏನಿದೆ ತಿಳಿದುಕೊಳ್ಳಿ



ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಅಗೆಯುವ ಕೆಲಸ ಶುರುವಾಗುತ್ತದೆ. ರಸಮೇವಿನ ಗುಂಡಿ, ಗಂಜಲದ ತೊಟ್ಟಿ, ಗೋಬರ್ ಗ್ಯಾಸ್, ಅಜೋಲಾ ತೊಟ್ಟಿ, ಹೊಸ ಕೊಟ್ಟಿಗೆಯ ಪಾಯ ಹೀಗೆ ಒಂದಲ್ಲ ಒಂದು. ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ. ಹಾಗಾಗಿ ಬಂದ ತಕ್ಷಣ ಕೆಲಸ ಮುಗಿಸಿ ಕಳಿಸುವ ಅವಸರ ಎಲ್ಲರಿಗೂ. ರಾಸುಗಳ ಆರೋಗ್ಯದ ಬಗ್ಗೆ ಬರೆಯಬೇಕಾದವರು ಕೇಬಲ್, ಪೈಪ್ ವಿಚಾರ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ.

ನನ್ನ ವ್ಯಾಪ್ತಿಯ ಒಂದು ಹಳ್ಳಿಯಿಂದ ಮಳೆಗಾಲದ ಆರಂಭದಲ್ಲಿ ಬೆಳಗಿನ ಜಾವ ಫೋನ್ ಬಂತು. ಎರಡನೇ ಸೂಲಿನ, ಚೆನ್ನಾಗಿ ಹಾಲು ಕೊಡುತ್ತಿದ್ದ ಎಚ್‌ಎಫ್ ಮಿಶ್ರತಳಿ ಹಸು ನಿಂತಲ್ಲೇ ಬಿದ್ದು ಸತ್ತಿತ್ತು. ಕಾಯಿಲೆಯ ಲಕ್ಷಣ ಹಿಂದಿನ ದಿನ ಏನೂ ಇರಲಿಲ್ಲ. ಬಾಯಲ್ಲಿ ಮೇವು ಹಾಗೇ ಇತ್ತು, ಒದ್ದಾಡಿದ ಗುರುತು ನೆಲದ ಮೇಲೆ ಇರಲಿಲ್ಲ. ಹಾವು ಕಚ್ಚಿರಬೇಕು ಎಂದು ಮನೆಯವರು ಭಾವಿಸಿದ್ದರು. ಹಸು ಕಟ್ಟಿದ್ದ ಕಬ್ಬಿಣದ ಗೂಟದಿಂದ ನಾಲ್ಕಡಿ ದೂರದಲ್ಲಿ ಗಂಜಲದ ತೊಟ್ಟಿಯಿತ್ತು. ಏಪ್ರಿಲ್‌ನಲ್ಲಿ ಜೆಸಿಬಿ ತರಿಸಿ ತೆಗೆಸಿದ ತೊಟ್ಟಿ. ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಫ್ಯೂಸ್ ತೆಗೆಸಿ ಅದರ ಅಂಚನ್ನು ಕೈಯಲ್ಲಿ ಅಗೆಸಿದಾಗ ಒಂದೂವರೆ ಅಡಿ ಆಳದಲ್ಲಿ ಕೊಳವೆ ಬಾವಿಯ ಕೇಬಲ್ ಸಿಕ್ಕಿತು. ಬಕೆಟ್ಟಿನ ಹಲ್ಲು ಅದರ ಹೊದಿಕೆಯನ್ನು ಗೀರಿತ್ತು, ತಾಮ್ರ ಕಾಣುತ್ತಿತ್ತು.

ಅಗೆದ ದಿನ ಮೋಟರ್ ಎಂದಿನಂತೆ ಓಡಿತ್ತು, ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡು ತಿಂಗಳು ಒಣ ಮಣ್ಣು ಕಾಪಾಡಿತು. ಮೊದಲ ದೊಡ್ಡ ಮಳೆಗೆ ನೆಲ ನೆನೆಯಿತು. ಬೆಳಗಿನ ಜಾವ ತ್ರೀ ಫೇಸ್ ಬಂದಾಗ ಆಟೋ ಸ್ಟಾರ್ಟರ್ ತಾನಾಗಿಯೇ ಮೋಟರ್ ಚಾಲೂ ಮಾಡಿತು.

ನಾವು ನಿಂತು ಮಾತಾಡುತ್ತಿದ್ದಾಗ ಜಗಲಿಯ ಮೇಲೆ ಕೂತಿದ್ದ ಮನೆಯ ಅಜ್ಜಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಹುಣಸೆಮರದ ಬೇರು ಅಡ್ಡ ಬಂತು ಅಂತ ನಮ್ಮ ಯಜಮಾನ್ರು ವೈರನ್ನ ಈ ಕಡೆಯಿಂದ ಸುತ್ತಿಸಿ ತಂದಿದ್ರು ಡಾಕ್ಟ್ರೇ. ನನ್ನ ಯಾರಾದ್ರೂ ಕೇಳಿದ್ರಾ?"

ತುಂಡಾದ ಕೇಬಲ್ ಅಲ್ಲೇ ಗೊತ್ತಾಗುತ್ತದೆ, ಏಕೆಂದರೆ ಮೋಟರ್ ನಿಲ್ಲುತ್ತದೆ. ಗೀರಿದ ಕೇಬಲ್ ಗೊತ್ತಾಗುವುದಿಲ್ಲ. ಅಪಾಯ ಇರುವುದು ಇಲ್ಲಿಯೇ.

ಹಸುವಿಗೇ ಏಕೆ ಹೆಚ್ಚು ಅಪಾಯ?

ಕೇಬಲ್ಲಿನಿಂದ ಸೋರಿದ ವಿದ್ಯುತ್ ಒದ್ದೆ ನೆಲದಲ್ಲಿ ಸುತ್ತಲೂ ಹರಡುತ್ತದೆ. ಸೋರುವ ಜಾಗದ ಹತ್ತಿರ ಒತ್ತಡ ಹೆಚ್ಚು, ದೂರ ಹೋದಂತೆ ಕಡಿಮೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಸುಮಾರು ಐದು ಅಡಿ ಅಂತರವಿದೆ. ಮುಂಗಾಲು ಹೆಚ್ಚು ಒತ್ತಡದ ಜಾಗದಲ್ಲಿ, ಹಿಂಗಾಲು ಕಡಿಮೆ ಒತ್ತಡದ ಜಾಗದಲ್ಲಿ ಇದ್ದರೆ ವಿದ್ಯುತ್ ದೇಹದ ಉದ್ದಕ್ಕೂ, ಹೃದಯದ ಮೂಲಕವೇ ಹರಿಯುತ್ತದೆ. ನಮ್ಮ ಎರಡು ಕಾಲುಗಳ ಅಂತರ ಕಡಿಮೆ, ಕಾಲಲ್ಲಿ ಚಪ್ಪಲಿಯೂ ಇರುತ್ತದೆ. ಹಸುವಿನ ಗೊರಸು ಗಂಜಲದಲ್ಲಿ ನೆನೆದಿರುತ್ತದೆ, ಅದರ ದೇಹ ವಿದ್ಯುತ್ತಿಗೆ ಒಡ್ಡುವ ತಡೆಯೂ ನಮಗಿಂತ ಕಡಿಮೆ. ಕಬ್ಬಿಣದ ಗೂಟಕ್ಕೆ ಕಬ್ಬಿಣದ ಸರಪಳಿಯಲ್ಲಿ ಕಟ್ಟಿದ್ದರೆ ಕೇಳುವುದೇ ಬೇಡ.

ಫ್ಯೂಸ್ ಹೋಗಬೇಕಿತ್ತಲ್ಲ ಎಂದು ಹಲವರು ಕೇಳುತ್ತಾರೆ. 5 ಎಚ್‌ಪಿ ಮೋಟರ್ ಓಡುವಾಗಲೇ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಅದಕ್ಕಿಂತ ಹೆಚ್ಚಿನದು ಇರುತ್ತದೆ. ನೆಲಕ್ಕೆ ಸೋರುವ ಅಲ್ಪ ವಿದ್ಯುತ್ತಿಗೆ ಅದು ಸುಡುವುದಿಲ್ಲ. ಜೀವ ತೆಗೆಯಲು ಒಂದು ಆಂಪಿಯರ್‌ನ ಸಣ್ಣ ಭಾಗ ಸಾಕು. ಜೀವ ರಕ್ಷಣೆಗೆಂದೇ ಇರುವ ಆರ್‌ಸಿಸಿಬಿ ಎಂಬ ಸ್ವಿಚ್ 30 ಮಿಲಿ ಆಂಪಿಯರ್ ಸೋರಿದರೂ ಲೈನ್ ಕಡಿಯುತ್ತದೆ. ಕೊಟ್ಟಿಗೆಯ ಲೈನಿಗೆ ಇದನ್ನು ಹಾಕಿಸಿಕೊಳ್ಳಿ. ಪಂಪ್‌ಸೆಟ್ಟಿಗೆ ಯಾವ ಬಗೆಯದು ಬೇಕು ಎಂಬುದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಳಿ ಕೇಳಿ.

ನಿಮ್ಮ ಲೈನಿನ ನಕ್ಷೆ ಬೇರೆ ಯಾರ ಬಳಿಯೂ ಇಲ್ಲ

ರಸ್ತೆ ಬದಿಯ ಆಪ್ಟಿಕಲ್ ಫೈಬರ್, ಗ್ಯಾಸ್ ಪೈಪ್‌ಲೈನ್ ಮುಂತಾದವುಗಳಿಗೆ ಧಕ್ಕೆಯಾಗದಿರಲೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಅಗೆಯುವವರು ಅದರಲ್ಲಿ ತಿಳಿಸಿದರೆ ಆಯಾ ಲೈನಿನ ಮಾಲೀಕ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ರಸ್ತೆ ಪಕ್ಕ ಅಗೆಯುವವರು ಇದನ್ನು ಬಳಸಿಕೊಳ್ಳಬೇಕು. ಕುಡಿಯುವ ನೀರಿನ ಪೈಪ್ ಬಗ್ಗೆ ಪಂಚಾಯಿತಿಯ ನೀರುಗಂಟಿಯನ್ನು ಕೇಳಬೇಕು.

ಆದರೆ ಸ್ಟಾರ್ಟರ್ ಪೆಟ್ಟಿಗೆಯಿಂದ ಕೊಳವೆ ಬಾವಿಗೆ ಹೋದ ಕೇಬಲ್, ಮನೆಯಿಂದ ಕೊಟ್ಟಿಗೆಗೆ ಎಳೆದ ವೈರ್, ಸಂಪಿನಿಂದ ನೀರಿನ ತೊಟ್ಟಿಗೆ ಬಂದ ಪೈಪ್ ಇವೆಲ್ಲ ನಿಮ್ಮ ಸ್ವಂತದವು. ಇವು ಯಾವ ಇಲಾಖೆಯ ನಕ್ಷೆಯಲ್ಲೂ ಇಲ್ಲ, ಯಾವ ಆ್ಯಪಿನಲ್ಲೂ ಇಲ್ಲ. ಜೆಸಿಬಿ ಚಾಲಕ ಬೇರೆ ಊರಿನವರು, ಅವರಿಗೆ ತಿಳಿಯುವ ದಾರಿಯಿಲ್ಲ. ಹುಡುಕಿ ತೋರಿಸಬೇಕಾದವರು ನೀವೇ.

ಪತ್ತೆ ಮಾಡುವ ಕ್ರಮ

1. ಮೊದಲು ಪಟ್ಟಿ ಮಾಡಿ. ಪಂಪ್‌ಸೆಟ್ ಕೇಬಲ್, ಕೊಟ್ಟಿಗೆಯ ಬಲ್ಬು, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಕ್ಕೆ ಹೋದ ವೈರ್, ಅರ್ಥಿಂಗ್ ತಂತಿ, ನೀರಿನ ಪೈಪ್, ಹನಿ ನೀರಾವರಿಯ ಮುಖ್ಯ ಪೈಪ್, ಗೋಬರ್ ಗ್ಯಾಸ್ ಪೈಪ್, ಶೌಚಾಲಯದ ಪೈಪ್. ಬಳಕೆ ತಪ್ಪಿದ ಹಳೆಯ ಲೈನನ್ನೂ ಸೇರಿಸಿ. ಹಳೆಯ ಕೇಬಲ್ಲಿನ ಒಂದು ತುದಿ ಇನ್ನೂ ಬೋರ್ಡಿಗೆ ಸೇರಿರಬಹುದು.

2. ಎರಡು ತುದಿ ಗುರುತಿಸಿ. ಪ್ರತಿ ಲೈನೂ ಒಂದು ಕಡೆ ಮಣ್ಣಿಗೆ ಇಳಿಯುತ್ತದೆ, ಇನ್ನೊಂದು ಕಡೆ ಮೇಲೆ ಬರುತ್ತದೆ. ಎರಡೂ ಕಡೆ ಗೂಟ ನೆಡಬೇಡಿ, ಕಲ್ಲು ಇಟ್ಟು ಗುರುತು ಮಾಡಿ. ಲೈನ್ ನೇರವಾಗಿಯೇ ಹೋಗಿದೆ ಎಂದು ಮಾತ್ರ ತಿಳಿಯಬೇಡಿ. ಮರ, ಬಂಡೆ, ಹಳೆಯ ಗೋಡೆ ಇದ್ದಲ್ಲಿ ಸುತ್ತಿ ಹೋಗಿರುತ್ತದೆ. ಮರ ಈಗ ಇಲ್ಲದಿರಬಹುದು, ಆದರೆ ಕೇಬಲ್ ಸುತ್ತಿಕೊಂಡೇ ಇರುತ್ತದೆ.

3. ಮನೆಯ ಹಿರಿಯರನ್ನು ಕೇಳಿ. ಲೈನ್ ಹಾಕಿದಾಗ ಅಂಗಳದಲ್ಲಿ ಇದ್ದವರು ಯಾರು? ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸರು. ಲೈನ್ ಎಳೆದ ಎಲೆಕ್ಟ್ರಿಷಿಯನ್, ಪೈಪ್ ಹಾಕಿದ ಪ್ಲಂಬರ್, ಅಂದು ಕಾಲುವೆ ತೋಡಿದ ಕೂಲಿಯವರನ್ನೂ ವಿಚಾರಿಸಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡೂ ಜಾಗದಲ್ಲಿ ಲೈನ್ ಇದೆ ಎಂದೇ ಎಣಿಸಿ.

4. ನೆಲ ನೋಡಿ. ಹಿಂದೆ ಅಗೆದು ಮುಚ್ಚಿದ ಕಡೆ ಮಣ್ಣು ಉದ್ದಕ್ಕೆ ಸ್ವಲ್ಪ ಕುಸಿದಿರುತ್ತದೆ. ಸೋರುವ ಪೈಪಿನ ಮೇಲೆ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುತ್ತದೆ. ಸಿಮೆಂಟ್ ನೆಲದಲ್ಲಿ ತೇಪೆ ಹಾಕಿದ ಪಟ್ಟಿ ಕಾಣುತ್ತದೆ.

5. ಅನುಮಾನ ಇದ್ದರೆ ಉಪಕರಣ ತರಿಸಿ. ಭೂಗತ ಕೇಬಲ್ ದೋಷ ಹುಡುಕುವವರ ಬಳಿ ಕೇಬಲ್ ಸಾಗಿದ ದಾರಿ ತೋರಿಸುವ ಯಂತ್ರ ಇರುತ್ತದೆ. ಪಿವಿಸಿ ಪೈಪಿನಲ್ಲಿ ಲೋಹ ಇಲ್ಲದ ಕಾರಣ ಅಂಥ ಯಂತ್ರಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ನೆಲಕ್ಕೆ ಟೆಸ್ಟರ್ ಚುಚ್ಚಿ ನೋಡಿ, ದೀಪ ಬರಲಿಲ್ಲ, ಕೇಬಲ್ ಇಲ್ಲ ಎಂದು ತೀರ್ಮಾನಿಸಬೇಡಿ. ಬೇವಿನ ಕಡ್ಡಿ, ತೆಂಗಿನಕಾಯಿಯನ್ನು ನಂಬಿ ಜೆಸಿಬಿ ಬಿಡಬೇಡಿ.

6. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ. ಗೆರೆಯ ಎರಡೂ ಬದಿ ಎರಡೆರಡು ಅಡಿ ಜಾಗದಲ್ಲಿ ಜೆಸಿಬಿ ಬಾರದಂತೆ ನೋಡಿಕೊಳ್ಳಿ. ಸಾಧ್ಯವಿದ್ದರೆ ಗುಂಡಿಯ ಜಾಗವನ್ನೇ ಬದಲಿಸಿ. ಹತ್ತು ಅಡಿ ಆಚೆ ಗುಂಡಿ ತೆಗೆಸಲು ಖರ್ಚು ಹೆಚ್ಚಿಲ್ಲ.

7. ಗೆರೆಯ ಬಳಿ ಕೈಯಲ್ಲೇ ಅಗೆಯಿರಿ. ಮೊದಲು ವಿದ್ಯುತ್ ಕಡಿಯಿರಿ. ನಂತರ ಹಾರೆ, ಪಿಕಾಸಿ ಬಿಟ್ಟು ಚಪ್ಪಟೆ ಸಲಿಕೆಯಿಂದ ಪದರ ಪದರವಾಗಿ ಮಣ್ಣು ತೆಗೆದು ಲೈನನ್ನು ಕಣ್ಣಾರೆ ನೋಡಿ. ಈ ಬಗೆಯ ಕೇಬಲ್ ಕನಿಷ್ಠ 75 ಸೆಂ.ಮೀ., ಅಂದರೆ ಸುಮಾರು ಎರಡೂವರೆ ಅಡಿ ಆಳದಲ್ಲಿ ಇರಬೇಕೆಂಬುದು ಭಾರತೀಯ ಮಾನಕ. ನಮ್ಮ ಅಂಗಳಗಳಲ್ಲಿ ಅದು ಅರ್ಧ ಅಡಿಯಲ್ಲೇ ಸಿಕ್ಕಿದರೂ ಆಶ್ಚರ್ಯವಿಲ್ಲ.

ಅಗೆಯುವ ದಿನ

"ಈಗ ಕರೆಂಟ್ ಇಲ್ಲ, ಅಗೆಯಿರಿ" ಎಂಬ ಮಾತು ಅಪಾಯಕಾರಿ. ತ್ರೀ ಫೇಸ್ ಹೋದಾಗಲೂ ಲೈನಿನಲ್ಲಿ ಸಿಂಗಲ್ ಫೇಸ್ ಇರಬಹುದು. ಪೂರ್ತಿ ಹೋಗಿದ್ದರೂ ಯಾವ ಕ್ಷಣದಲ್ಲಾದರೂ ಬಂದೀತು, ಆಟೋ ಸ್ಟಾರ್ಟರ್ ನಿಮ್ಮನ್ನು ಕೇಳಿ ಚಾಲೂ ಆಗುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಮೂರೂ ಫ್ಯೂಸ್ ತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆಗೆ ಬೀಗ ಹಾಕಿ. ಕೊಟ್ಟಿಗೆಗೆ ಮನೆಯಿಂದ ಲೈನ್ ಇದ್ದರೆ ಅದನ್ನೂ ಕಡಿಯಿರಿ. ರಾಸುಗಳನ್ನು ದೂರ ಕಟ್ಟಿ. ಚಾಲಕರಿಗೆ ಗೆರೆಗಳನ್ನು ತೋರಿಸಿ, ಕೆಲಸ ಮುಗಿಯುವವರೆಗೆ ಮನೆಯವರೊಬ್ಬರು ಅಲ್ಲೇ ನಿಂತಿರಿ.

ಗೋಬರ್ ಗ್ಯಾಸ್ ಪೈಪ್ ಇದ್ದರೆ ಗ್ಯಾಸ್ ವಾಲ್ವ್ ಮುಚ್ಚಿ. ಬೀಡಿ, ಬೆಂಕಿ ಹತ್ತಿರ ಬೇಡ.

ಬಕೆಟ್ ಲೈನಿಗೆ ತಾಗಿತು ಎನ್ನಿಸಿದರೆ ಕೆಲಸ ನಿಲ್ಲಿಸಿ. ವಿದ್ಯುತ್ ಹರಿಯುತ್ತಿರುವ ಅನುಮಾನವಿದ್ದರೆ ಚಾಲಕರು ಲೈನ್ ಕಡಿಯುವವರೆಗೂ ಇಳಿಯದೆ ಕೂತಲ್ಲೇ ಇರಬೇಕು, ಉಳಿದವರು ದೂರ ನಿಲ್ಲಬೇಕು. ಸಣ್ಣ ಗೀರು ಎಂದು ಟೇಪ್ ಸುತ್ತಿ ಮಣ್ಣು ಮುಚ್ಚಬೇಡಿ. ಮಣ್ಣಿನಡಿ ಟೇಪ್ ಬಾಳುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಕೇಬಲ್ ಬದಲಿಸಲಿ ಅಥವಾ ನೀರು ಹೋಗದ ಜಾಯಿಂಟ್ ಹಾಕಲಿ, ಮೆಗ್ಗರ್‌ನಿಂದ ಪರೀಕ್ಷಿಸಲಿ. ಅಲ್ಲಿಯವರೆಗೆ ಫ್ಯೂಸ್ ನಿಮ್ಮ ಜೇಬಿನಲ್ಲೇ ಇರಲಿ.

ರಾಸುಗಳು ಕೊಡುವ ಸೂಚನೆ

ಅಲ್ಪ ಪ್ರಮಾಣದ ಸೋರಿಕೆ ಇದ್ದರೆ ರಾಸುಗಳು ನಮಗಿಂತ ಮೊದಲೇ ತಿಳಿಯುತ್ತವೆ. ಒಂದು ಜಾಗಕ್ಕೆ ಬರಲು ಹಿಂಜರಿಯುತ್ತವೆ. ತೊಟ್ಟಿಯ ನೀರನ್ನು ಎಂದಿನಂತೆ ಹೀರದೆ ನಾಲಿಗೆಯಿಂದ ನೆಕ್ಕುತ್ತವೆ. ನಿಂತಲ್ಲಿ ಕಾಲು ಎತ್ತಿ ಎತ್ತಿ ಇಡುತ್ತವೆ, ಹಾಲು ಸರಿಯಾಗಿ ಇಳಿಸುವುದಿಲ್ಲ. ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಹತ್ತಿರದಲ್ಲಿ ಅಗೆದಿದ್ದರೆ, ಮಳೆ ಬಂದ ಮೇಲೆ ಶುರುವಾಗಿದ್ದರೆ ಮೊದಲು ಲೈನ್ ಪರೀಕ್ಷಿಸಿ.

ರಾಸು ಬಿದ್ದರೆ ಓಡಿ ಹೋಗಿ ಮುಟ್ಟಬೇಡಿ. ಹಸು ಉಳಿಸಲು ಹೋದವರೂ ಜೀವ ಕಳೆದುಕೊಳ್ಳಬಹುದು. ಮೊದಲು ಮೇನ್ ಆಫ್ ಮಾಡಿ, 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿಗೆ ತಿಳಿಸಿ. ಚಿಕಿತ್ಸೆಗೆ ಪಶುವೈದ್ಯರನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸಿ. ಸತ್ತಿದ್ದರೆ ವೈದ್ಯರು ಬರುವವರೆಗೆ ದೇಹವನ್ನು ಸಾಗಿಸಬೇಡಿ, ಕೊಯ್ಯಬೇಡಿ. ದಿಢೀರ್ ಸಾವು ನೆರಡಿ ರೋಗದಿಂದಲೂ ಆಗುತ್ತದೆ, ಅದು ಮನುಷ್ಯರಿಗೂ ಹರಡುತ್ತದೆ. ವಿಮೆ ಇದ್ದರೆ ಕಿವಿಯೋಲೆ ತೆಗೆಯಬೇಡಿ, ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ.

ಮುಂದಿನವರಿಗೆ ಒಂದು ನಕ್ಷೆ

ಹೊಸ ಲೈನ್ ಹಾಕುವಾಗ ಕೇಬಲ್ ಮೇಲೆ ಮರಳು ಹರಡಿ, ಅದರ ಮೇಲೆ ಇಟ್ಟಿಗೆ ಸಾಲು ಜೋಡಿಸಿ. ಮುಂದೆ ಅಗೆಯುವವರಿಗೆ ಮೊದಲು ಇಟ್ಟಿಗೆ ಸಿಗುತ್ತದೆ. ಮಣ್ಣು ಮುಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೊಟ್ಟಿಗೆಯ ಕಂಬ, ಮನೆಯ ಮೂಲೆ ಹೀಗೆ ಕದಲದ ಎರಡು ಜಾಗಗಳಿಂದ ಎಷ್ಟು ಅಡಿ ದೂರ, ಎಷ್ಟು ಆಳ ಎಂದು ಹಾಳೆಯಲ್ಲಿ ಬರೆದು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗಡೆ ಅಂಟಿಸಿ. ಮರವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಮರ ಕಡಿಯುತ್ತೇವೆ.

ಈಗಾಗಲೇ ಅಗೆಸಿ ಮುಗಿಸಿದ್ದೀರಾ? ಹಾಗಿದ್ದರೆ ಮಳೆ ಹಿಡಿಯುವ ಮುನ್ನ ಒಮ್ಮೆ ಮೆಗ್ಗರ್ ಪರೀಕ್ಷೆ ಮಾಡಿಸಿಬಿಡಿ. ಇನ್ನೂ ಅಗೆಸಬೇಕಿದ್ದರೆ ಇಂದು ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಮನೆಯ ಹಿರಿಯರನ್ನು ಕರೆದುಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿ. ಅವರು ತೋರಿಸಿದ ಕಡೆ ಸುಣ್ಣದ ಗೆರೆ ಎಳೆಯಿರಿ. ಜೆಸಿಬಿ ನಾಳೆ ಬರಲಿ.